ಬಿಹೇವ್ ಮಾಡ್ರೀ

ಮೊನ್ನೆ ಅರಕಲಗೂಡಿನ ಬಸ್ಸಿನಲ್ಲಿ, ಮುಂದಿನ ಸೀಟಿನ ತಾಯಿಯೊಬ್ಬಳು ಕಿಟಕಿಯಾಚೆ ಕೈ ಚಾಚಿದ್ದ ಮಗಳಿಗೆ "ಬಿಹೇವ್" ಎಂದಳು. ಮಗುವಿನ ಜೊತೆ ನಾನೂ ಕೈ ಒಳಗೆಳೆದುಕೊಂಡೆ. ನಗಬೇಡಿ, ಹದಿನೆಂಟು ವರ್ಷ ಆ ಮಾತು ಕೇಳಿದ ಮೈ ಇದು.

ನನ್ನ ಹೆಂಡತಿ ಶಾರದೆ ಹೊಳೆನರಸೀಪುರದಲ್ಲಿ ಇಂಗ್ಲಿಷ್ ಟೀಚರ್ ಆಗಿದ್ದಳು. ಹಗಲೆಲ್ಲ ಮಕ್ಕಳಿಗೆ ಹೇಳಿ ಮಿಕ್ಕದ್ದನ್ನು ಸಂಜೆ ನನಗೆ ಹೇಳುತ್ತಿದ್ದಳು. ಒಮ್ಮೆ ನಿಘಂಟು ತೆಗೆದು ನೋಡಿದೆ. 'ವರ್ತಿಸು' ಎಂದಷ್ಟೇ ಇತ್ತು.

"ನಾನು ವರ್ತಿಸ್ತಾನೇ ಇದೀನಲ್ಲೇ," ಎಂದೆ.

"ಆ ಪದ ಒಂದೇ ಬಂದ್ರೆ ಸರಿಯಾಗಿ ನಡ್ಕೋ ಅಂತ ರೀ. ಕೆಟ್ಟದಾಗಿ ನಡ್ಕೊಳ್ಳೋಕೆ ಯಾರೂ ಹೇಳ್ಕೊಡ್ಬೇಕಾಗಿಲ್ಲ."

ನನಗೆ ಹೇಳಿಕೊಡಬೇಕಾಗಿದ್ದದ್ದು ಸಾವಿನ ಮನೆಗಳಲ್ಲಿ. ಅಲ್ಲಿಂದ ಹೊರಡುವಾಗ 'ಬರ್ತೀನಿ' ಎನ್ನಬಾರದು, ಸುಮ್ಮನೆ ಎದ್ದು ಬಂದುಬಿಡಬೇಕು. ಬರುತ್ತೇನೆಂದರೆ ಇನ್ನೊಂದು ಸಾವಿಗೆ ಬರುತ್ತೇನೆಂದಂತೆ. ತೊಂಬತ್ತೈದರ ಸುಮಾರಿಗೆ ಚನ್ನರಾಯಪಟ್ಟಣದಲ್ಲಿ ಅವಳ ದೊಡ್ಡಪ್ಪ ತೀರಿಕೊಂಡಾಗ, ನಾನು ಬಾಗಿಲಲ್ಲಿ ನಿಂತು, "ಬರ್ತೀನಿ ದೊಡ್ಡಮ್ಮ," ಎಂದುಬಿಟ್ಟೆ. ಜಗಲಿಯಲ್ಲಿದ್ದವರೆಲ್ಲ ತಲೆಯೆತ್ತಿದರು. "ಬಿಹೇವ್ ಮಾಡ್ರೀ," ಎಂದು ಶಾರದೆ ತೋಳು ಚಿವುಟಿದಳು. ಬಸ್ ಸ್ಟ್ಯಾಂಡಿನವರೆಗೂ ನನಗಿಂತ ಹತ್ತು ಹೆಜ್ಜೆ ಮುಂದೆಯೇ ನಡೆದಳು. ಅಲ್ಲಿ ಅವಳಿಗೇ ನಗು ಬಂತು. "ಇನ್ಯಾರನ್ನ ಕಳಿಸ್ಬೇಕು ಅಂತಿದೀರಿ?"

ಆಮೇಲೆ ಕಲಿತೆ.

ಎರಡು ಸಾವಿರದ ಮೂರರಲ್ಲಿ ಅವಳೇ ಹೋದಳು. ಬಂದವರೆಲ್ಲ ಸರಿಯಾಗಿಯೇ ನಡೆದುಕೊಂಡರು. ಎದುರಿಗೆ ಕೂತವರು, ನಾನು ಕಣ್ಣೊರೆಸಿಕೊಂಡು ನೋಡುವಷ್ಟರಲ್ಲಿ ಇರುತ್ತಿರಲಿಲ್ಲ. ವೈಕುಂಠ ಸಮಾರಾಧನೆ ಮುಗಿಯಿತು, ಮನೆ ಖಾಲಿಯಾಯಿತು. ಬರುತ್ತೇನೆಂದು ಯಾರೂ ಹೇಳಿರಲಿಲ್ಲವಾದ್ದರಿಂದ ಯಾರನ್ನು ಕಾಯಬೇಕೋ ತಿಳಿಯಲಿಲ್ಲ. ಹಾಲಿನ ಪುಟ್ಟಮ್ಮ ಮಾತ್ರ, "ನಾಳಿಕ್ ಬತ್ತೀನಿ ಕಣ್ ಸಾ, ಪಾತ್ರೆ ತೊಳ್ದು ಮಡಗಿರಿ," ಎನ್ನುತ್ತಿದ್ದಳು. ಅಷ್ಟು ಕೇಳುವುದಕ್ಕೆಂದು ಎರಡು ತಿಂಗಳು ಬೇಡದ ಹಾಲು ಹಾಕಿಸಿಕೊಂಡೆ. ಒಬ್ಬನೇ ಎಷ್ಟು ಮೊಸರು ತಿನ್ನಲಿ?

ಮೊನ್ನೆ ಅರಕಲಗೂಡಿಗೆ ಹೋಗುತ್ತಿದ್ದದ್ದೂ ಸಾವಿನ ಮನೆಗೇ. ನನ್ನ ಜೊತೆ ಓದಿದ ನಂಜುಂಡನ ಹೆಂಡತಿ ತೀರಿಕೊಂಡಿದ್ದರು. ಗಂಟೆ ಹೊತ್ತು ಕೂತೆವು. ಅವನು ನೆಲ ನೋಡುತ್ತಿದ್ದ. ಪಕ್ಕದಲ್ಲಿದ್ದವರು ಒಬ್ಬೊಬ್ಬರಾಗಿ ಸದ್ದಿಲ್ಲದೆ ಎದ್ದು ಹೋದರು. ನಾನೂ ಎದ್ದೆ, ಚಪ್ಪಲಿ ಮೆಟ್ಟಿದೆ. ಅಂಗಳ ದಾಟುವುದಾಗಲಿಲ್ಲ.

"ಗುರುವಾರ ಬರ್ತೀನಿ ಕಣೋ ನಂಜುಂಡ."

ಅವನ ಅತ್ತಿಗೆ ಹುಬ್ಬು ಗಂಟಿಕ್ಕಿದರು. ಬಾಗಿಲ ಬಳಿಯ ಮುದುಕರೊಬ್ಬರು ಕೆಮ್ಮಿದರು. ನಂಜುಂಡ ತಲೆಯೆತ್ತಿ, ನಾನು ಬಂದಿದ್ದು ಈಗಷ್ಟೇ ಗೊತ್ತಾದವನಂತೆ ನನ್ನ ಮುಖ ನೋಡಿದ.

"ಬೆಳಿಗ್ಗೆ ಬಸ್ಸಿಗೇ ಬಂದ್ಬುಡ್ಲಾ," ಎಂದ.

ಇವತ್ತು ಬುಧವಾರ. ಮೊದಲ ಬಸ್ಸು ಎಷ್ಟು ಹೊತ್ತಿಗೆಂದು ವಿಚಾರಿಸಿಕೊಂಡು ಬಂದಿದ್ದೇನೆ.