ಫ್ರಿಜ್ ಇಲ್ಲದ ಬೇಸಿಗೆ

ನಮ್ಮ ಮನೆಯ ಫ್ರಿಜ್ ಕೆಟ್ಟಿದ್ದು ಮಾರ್ಚ್ ಕೊನೆಯ ಒಂದು ಭಾನುವಾರ. ಹಿಂದಿನ ದಿನ ಸಂಜೆಯಿಂದಲೇ ಕರೆಂಟು ಹೋಗುವುದು ಬರುವುದು ಮಾಡುತ್ತಿತ್ತು. ಬೆಳಿಗ್ಗೆ ಕಾಫಿಗೆ ಹಾಲು ತೆಗೆಯೋಣ ಅಂತ ಬಾಗಿಲು ತೆರೆದರೆ ಒಳಗಿನ ದೀಪವೇನೋ ಹತ್ತಿತು, ತಣ್ಣನೆ ಗಾಳಿ ಮಾತ್ರ ಮುಖಕ್ಕೆ ತಾಗಲಿಲ್ಲ. ಕೆಳಗೆ ನೆಲದ ಮೇಲೆ ಒಂದು ಸಣ್ಣ ಕೆರೆಯೇ ಆಗಿತ್ತು.

ಗೋವಿಂದರಾಜನಗರದಲ್ಲಿ ನಾವಿರುವುದು ಬಾಡಿಗೆ ಮನೆ, ಮೊದಲನೇ ಮಹಡಿ. ನಮ್ಮವರು ಮಾಗಡಿ ರಸ್ತೆಯ ಹಾರ್ಡ್‌ವೇರ್ ಅಂಗಡಿಯೊಂದರಲ್ಲಿ ಕೆಲಸ ಮಾಡುತ್ತಾರೆ. ನಾನು ಕಾಮಾಕ್ಷಿಪಾಳ್ಯದ ಗಾರ್ಮೆಂಟ್ಸ್‌ನಲ್ಲಿ, ಹೊಲಿದು ಬಂದ ಶರ್ಟುಗಳನ್ನು ಚೆಕ್ ಮಾಡುವ ಟೇಬಲ್ಲಿನಲ್ಲಿ. ಮಗಳು ಆಗ ಡಿಗ್ರಿ ಓದುತ್ತಿದ್ದಳು. ಜೊತೆಗೆ ನಮ್ಮ ಅತ್ತೆ. ದಾವಣಗೆರೆ ಕಡೆಯವರು. ಮಾವ ಹೋದ ಮೇಲೆ ನಮ್ಮ ಜೊತೆಗೇ ಬಂದು, ಇಡೀ ಬೀದಿಯನ್ನು ಪರಿಚಯ ಮಾಡಿಕೊಂಡು ಕೂತವರು. ನಾನು ಹುಟ್ಟಿ ಬೆಳೆದದ್ದು ವಿಜಯನಗರದಲ್ಲೇ ಆದರೂ, ದಾರಿಯಲ್ಲಿ ನನಗಿಂತ ಅವರನ್ನು ಮಾತಾಡಿಸುವವರೇ ಹೆಚ್ಚು.

ನೆಲ ಒರೆಸುತ್ತಾ ನಾನು ಗೊಣಗುತ್ತಿದ್ದೆ. ಅತ್ತೆ ಒಂದು ಮಣೆ ಎಳೆದುಕೊಂಡು ಫ್ರಿಜ್ ಮುಂದೆ ಕೂತು ಒಂದೊಂದೇ ಡಬ್ಬಿ ಹೊರಗೆ ಇಡತೊಡಗಿದರು. ಒಂದು ಡಬ್ಬಿಯ ಮುಚ್ಚಳ ತೆಗೆದು ಮೂಸಿ ನೋಡಿ, ನನ್ನ ಕಡೆ ತಿರುಗಿದರು.

"ಇದು ಏನವ್ವಾ?"

"ಬೇಳೆ ಸಾರು ಇರಬೇಕು ಅತ್ತೆ."

"ಯಾವ ಹಬ್ಬದ್ದು?"

ಮಗಳು ಹಲ್ಲುಜ್ಜುತ್ತಿದ್ದವಳು ನಕ್ಕು ನೊರೆಯೆಲ್ಲ ಬಾಗಿಲ ಮೇಲೆ ಸಿಡಿಸಿದಳು. ನಿಜ ಹೇಳಬೇಕೆಂದರೆ ನನಗೂ ಗೊತ್ತಿರಲಿಲ್ಲ. ಒಂದರ ಹಿಂದೆ ಒಂದು ಬಂದವು: ಚೂರು ಪಲ್ಯ, ಅರ್ಧ ನಿಂಬೆಹಣ್ಣುಗಳು, ಒಣಗಿ ಕಾಗದವಾದ ಕರಿಬೇವು, ಎರಡು ಬಗೆಯ ಚಟ್ನಿ, ಒಂದೇ ಒಂದು ಇಡ್ಲಿ. ಬಿಸಾಡಲು ಮನಸ್ಸು ಬಾರದೆ ಒಳಗಿಟ್ಟು, ಒಳಗಿಟ್ಟಿದ್ದನ್ನು ಮರೆತು, ಕೊನೆಗೆ ಬಿಸಾಡುವುದೇ ನಮ್ಮ ಮನೆಯ ಪದ್ಧತಿಯಾಗಿತ್ತು.

ಆದರೆ ಒಳ್ಳೆಯ ಸಾಮಾನೂ ಬೇಕಾದಷ್ಟಿತ್ತು. ಸಂಕ್ರಾಂತಿ ಸಮಯದಲ್ಲಿ ಕೂತು ಹಿತಕಿ ಫ್ರೀಜರಿನಲ್ಲಿಟ್ಟಿದ್ದ ಅವರೆಬೇಳೆ ದೊಡ್ಡ ಚೀಲದ ತುಂಬ. ಹಿಂದಿನ ದಿನವಷ್ಟೇ ರುಬ್ಬಿದ ದೋಸೆ ಹಿಟ್ಟು. ಎರಡು ತೆಂಗಿನಕಾಯಿಯ ತುರಿ. ದಿನಾ ಹಾಲಿನ ಮೇಲಿಂದ ತೆಗೆದು ಕೂಡಿಟ್ಟ ಕೆನೆ, ದೊಡ್ಡ ಸ್ಟೀಲ್ ಡಬ್ಬಿಯಲ್ಲಿ. ಆ ಬಿಸಿಲಿಗೆ ಇವು ಯಾವುವೂ ಸಂಜೆವರೆಗೆ ಉಳಿಯುವ ಹಾಗಿರಲಿಲ್ಲ.

"ಎಲ್ಲಾ ಇವತ್ತೇ ಮಾಡಿಬಿಡೋಣು," ಅಂದರು ಅತ್ತೆ, ಸೆರಗು ಸಿಕ್ಕಿಸಿಕೊಂಡು. "ತಿನ್ನಾಕ ಜನ ಇಲ್ಲೇನು ಈ ಬೀದ್ಯಾಗ?"

ಒಲೆಯ ಎರಡೂ ಬರ್ನರ್ ಹತ್ತಿದವು. ಒಂದು ಕಡೆ ಹಿತಕಬೇಳೆ ಸಾರು, ಇನ್ನೊಂದು ಕಡೆ ಅತ್ತೆಯ ಪಡ್ಡಿನ ಕಾವಲಿ. ನಮ್ಮವರನ್ನು ಕೆನೆ ಕಡೆಯಲು ಕೂರಿಸಿದೆವು. ಅವರು ಬನಿಯನ್ ಹಾಕಿಕೊಂಡು, ಟಿವಿ ನೋಡುತ್ತಾ, ಅರ್ಧ ಕೆನೆಯನ್ನು ಲುಂಗಿಗೆ ಹಾರಿಸಿಕೊಂಡು, ಹೇಗೋ ಬೆಣ್ಣೆ ತೆಗೆದರು. ಆ ಬೆಣ್ಣೆ ಕಾಯತೊಡಗಿದಾಗ ಎದ್ದ ತುಪ್ಪದ ಪರಿಮಳ ಮೆಟ್ಟಿಲು ಹತ್ತಿ ಟೆರೇಸಿಗೆ ಹೋಯಿತು. ಟೆರೇಸಿನ ಒಂಟಿ ರೂಮಿನಲ್ಲಿ ಇಬ್ಬರು ಹುಡುಗರು ಬಾಡಿಗೆಗಿದ್ದರು. ಇಬ್ಬರೂ ಊಟ ತಲುಪಿಸುವ ಬೈಕಿನ ಕೆಲಸದವರು. ಊರಿಗೆಲ್ಲ ಊಟ ಹೊತ್ತು ತಿರುಗಿ, ತಾವು ಮಾತ್ರ ಬನ್ನು ಬಾಳೆಹಣ್ಣು ತಿಂದು ಮಲಗುತ್ತಿದ್ದವರು. ಐದು ನಿಮಿಷದಲ್ಲಿ ಇಬ್ಬರೂ ನಮ್ಮ ಬಾಗಿಲಲ್ಲಿ ನಿಂತಿದ್ದರು.

"ಆಂಟಿ, ಏನು ವಿಶೇಷ ಇವತ್ತು?"

"ವಿಶೇಷ ಏನಿಲ್ಲ ಕಣಪ್ಪಾ. ಫ್ರಿಜ್ ಸತ್ತೋಯ್ತು."

ಅವರಲ್ಲಿ ಉದ್ದದವನು ಮುಖ ಸಣ್ಣ ಮಾಡಿಕೊಂಡು ಜೊತೆಗಾರನಿಗೆ ಹೇಳಿದ: "ಮಗಾ, ತಿಥಿ ಊಟ ಕಣೋ. ಬೇಡ ಅನ್ನಬಾರದು."

ಅತ್ತೆ ನಕ್ಕ ನಗುವಿಗೆ ಪಡ್ಡು ಮಗುಚುವ ಕಡ್ಡಿ ಕೈಯಿಂದ ಜಾರಿಬಿತ್ತು. ಕೆಳಗಿನ ಮನೆಯವರೂ ಬಂದರು, ಎದುರು ಮನೆಯ ಟೀಚರೂ ಬಂದರು. ನಡುಮನೆಯಲ್ಲಿ ಜಾಗ ಸಾಲದೆ ಮೆಟ್ಟಿಲ ಮೇಲೆ ಸಾಲಾಗಿ ಕೂತು ಉಂಡರು. ಬಿಸಿ ಅನ್ನ, ಹಿತಕಬೇಳೆ ಸಾರು, ಮೇಲೆ ಆಗಷ್ಟೇ ಕಾಯಿಸಿದ ತುಪ್ಪ, ಕೊನೆಗೆ ಕೊಬ್ಬರಿ ಮಿಠಾಯಿ. ಅಷ್ಟು ಖುಷಿಯಾಗಿ ನಮ್ಮ ಮನೆಯಲ್ಲಿ ಯಾವ ಹಬ್ಬದ ಊಟವೂ ಆಗಿರಲಿಲ್ಲ.

ಸೋಮವಾರ ರಿಪೇರಿಯವರು ಬಂದು ನೋಡಿ ಕಂಪ್ರೆಸರ್ ಹೋಗಿದೆ ಅಂದರು. ಅದಕ್ಕೆ ಹಾಕುವ ದುಡ್ಡಿಗೆ ಇನ್ನೊಂದಿಷ್ಟು ಸೇರಿಸಿದರೆ ಹೊಸದೇ ಬರುತ್ತೆ ಅಂತಲೂ ಹೇಳಿದರು. ನಮ್ಮವರು ಕಂತಿನ ಲೆಕ್ಕ ಶುರು ಮಾಡಿದರು. ಅತ್ತೆ ತಡೆದರು.

"ಒಂದು ತಿಂಗಳು ಹಂಗ ನೋಡೋಣು. ಕಂತಿನ ರೊಕ್ಕ ಅಂತ ಕೊಡೋದನ್ನ ಡಬ್ಬಿಗೆ ಹಾಕು. ಆಮ್ಯಾಲೆ ಒಂದೇ ಸಲ ಕೊಟ್ಟು ತಗೊಳ್ಳಾಕ ಬರ್ತೈತಿ."

"ಏಪ್ರಿಲ್ ತಿಂಗಳಲ್ಲಾ ಅವ್ವಾ?" ಅಂದರು ನಮ್ಮವರು. ತಣ್ಣೀರಿನ ಬಾಟಲ್ ಇಲ್ಲದೆ ಊಟಕ್ಕೆ ಕೂರದ ಮನುಷ್ಯ.

ಮೊದಲ ವಾರ ಸುಲಭವಾಗಿರಲಿಲ್ಲ. ಮಧ್ಯಾಹ್ನದ ಹುಳಿಯಲ್ಲಿ ಸಂಜೆಗೆ ನೊರೆ ಬಂತು. ಕೊತ್ತಂಬರಿ ಬಾಡಿತು. ಒಂದು ದಿನ ಹಾಲು ಒಡೆಯಿತು. ಅದಕ್ಕೆ ಬೆಲ್ಲ ಹಾಕಿ ಕಾಯಿಸಿ ಅತ್ತೆ ಸಿಹಿ ಮಾಡಿಕೊಟ್ಟರು. ಮಗಳು ಮಾರನೇ ದಿನ ಬೇಕಂತಲೇ ಹಾಲು ಒಡೆಸಲು ನಿಂಬೆಹಣ್ಣು ಹಿಡಿದು ಬಂದಿದ್ದಳು.

ನಿಧಾನವಾಗಿ ಒಂದೊಂದೇ ಕಲಿತೆವು. ಕುಡಿಯುವ ನೀರಿಗೆ ಮಣ್ಣಿನ ಮಡಕೆ ಬಂತು, ಅದಕ್ಕೆ ಸುತ್ತಲೂ ಒದ್ದೆ ಬಟ್ಟೆ. ಇನ್ನೊಂದು ಅಗಲವಾದ ಮಣ್ಣಿನ ತಟ್ಟೆಯಲ್ಲಿ ಮರಳು ಹಾಕಿ, ನೀರು ಚಿಮುಕಿಸಿ, ಅದರ ಮೇಲೆ ಮೊಸರಿನ ಕುಡಿಕೆ. ಮೊಸರಿಗೆ ಒಂದು ಚೂರು ತೆಂಗಿನಕಾಯಿ ಹಾಕಿದರೆ ಬೇಗ ಹುಳಿಯಾಗುವುದಿಲ್ಲ ಅಂತ ಅತ್ತೆ ಹೇಳಿದ್ದನ್ನು ನಾನು ನಂಬಿರಲಿಲ್ಲ. ಮಾಡಿ ನೋಡಿದ ಮೇಲೆ ನಂಬಿದೆ. ಸೊಪ್ಪನ್ನು ತೊಳೆಯದೆ ಒದ್ದೆ ಪಂಚೆಯಲ್ಲಿ ಸುತ್ತಿಟ್ಟರೆ ಮಾರನೇ ದಿನಕ್ಕೂ ಗರಿಗರಿ. ಕೊತ್ತಂಬರಿ ಕಟ್ಟನ್ನು ಹೂವಿನ ಹಾಗೆ ನೀರಿನ ಲೋಟದಲ್ಲಿ ನಿಲ್ಲಿಸುವುದು. ಹಿಟ್ಟು ವಾರಕ್ಕಾಗುವಷ್ಟು ರುಬ್ಬುವ ಬದಲು ಎರಡು ದಿನಕ್ಕಾಗುವಷ್ಟು. ಮೊದಲ ದಿನ ಇಡ್ಲಿ, ಎರಡನೇ ದಿನ ದೋಸೆ, ಉಳಿದು ಹುಳಿ ಬಂದರೆ ಈರುಳ್ಳಿ ಹಸಿಮೆಣಸಿನಕಾಯಿ ಹೆಚ್ಚಿ ಹಾಕಿ ಪಡ್ಡು. ಹೀರೆಕಾಯಿ ಪಲ್ಯವಾದರೆ ಸಿಪ್ಪೆ ಚಟ್ನಿಯಾಗುತ್ತಿತ್ತು. ಅಕ್ಕಿ ತೊಳೆದ ನೀರು ಕರಿಬೇವಿನ ಗಿಡಕ್ಕೆ.

ಎಲ್ಲಕ್ಕಿಂತ ದೊಡ್ಡದು ಸಂಜೆಯ ಮಾರ್ಕೆಟ್. ಮೊದಲೆಲ್ಲ ಭಾನುವಾರ ಹೋಗಿ ಎರಡು ಚೀಲ ತುಂಬಿಕೊಂಡು ಬರುತ್ತಿದ್ದೆ. ಈಗ ದಿನಾ ಡ್ಯೂಟಿ ಮುಗಿದ ಮೇಲೆ, ಮಂಡಿ ನೋವಿದ್ದರೂ ಬಿಡದೆ ಬರುವ ಅತ್ತೆ ಮತ್ತು ನಾನು ನಿಧಾನವಾಗಿ ನಡೆದುಕೊಂಡು ಹೊರಡುತ್ತಿದ್ದೆವು, ನಾಳೆಗೆ ಬೇಕಾದಷ್ಟು ಮಾತ್ರ ತರಲು. ಗಾಡಿಯವರು ಮನೆಗೆ ಹೊರಡುವ ಆತುರದಲ್ಲಿರುವಾಗ ಸೊಪ್ಪಿನ ಬೆಲೆ ತಾನಾಗಿ ಇಳಿಯುತ್ತೆ. ಅತ್ತೆ ಚೌಕಾಸಿ ಮಾಡುತ್ತಿರಲಿಲ್ಲ. ಸೊಪ್ಪಿನವಳ ಮೊಮ್ಮಗುವಿನ ಕೆಮ್ಮು ವಿಚಾರಿಸುತ್ತಿದ್ದರು, ಅಷ್ಟೇ. ಅವಳು ಒಂದು ಕಟ್ಟು ಜಾಸ್ತಿ ಹಾಕಿ, "ತಗೋ ಅಜ್ಜಿ, ಮನೆಗೆ ಹೊತ್ಕೊಂಡು ಹೋಗಿ ಏನ್ ಮಾಡ್ಲಿ" ಅನ್ನುತ್ತಿದ್ದಳು. ಬರುವಾಗ ಇಬ್ಬರಿಗೂ ಒಂದೊಂದು ಮುಷ್ಟಿ ಬಿಸಿ ಕಡಲೆಕಾಯಿ. ಮದುವೆಯಾಗಿ ಇಷ್ಟು ವರ್ಷದಲ್ಲಿ ಅತ್ತೆ ಸೊಸೆ ಹೀಗೆ ಪುರುಸೊತ್ತಾಗಿ ಮಾತಾಡಿದ್ದೇ ಆ ದಾರಿಯಲ್ಲಿ.

ಟೆರೇಸಿನ ಹುಡುಗರೂ ಒಂದು ಏರ್ಪಾಟಿಗೆ ಬಂದರು. ತೆಂಗಿನಕಾಯಿ, ಈರುಳ್ಳಿ, ಆಲೂಗಡ್ಡೆ ಅವರದು, ಸಾರು ನಮ್ಮದು, ಅನ್ನ ಅವರವರದು. ನಮ್ಮ ಮನೆಯಲ್ಲಿ ಅಡುಗೆ ಉಳಿಯುವುದೇ ನಿಂತುಹೋಯಿತು. ಬೆಳಿಗ್ಗೆ ಕಸದ ಗಾಡಿಗೆ ಹಾಕುವ ಹಸಿ ಕಸದ ಬಕೆಟ್ ಎಷ್ಟು ಹಗುರವಾಯಿತೆಂದರೆ, ಗಾಡಿಯಾಕೆ ಒಂದು ದಿನ "ಏನಕ್ಕಾ, ಊರಿಗೆ ಹೋಗಿದ್ರಾ?" ಅಂತ ಕೇಳಿದಳು.

ನಮ್ಮವರು ಮಡಕೆ ನೀರಿಗೆ ಒಗ್ಗಿಕೊಂಡರು. ಅಷ್ಟೇ ಅಲ್ಲ, ಅಂಗಡಿಗೂ ಒಂದು ಮಡಕೆ ತಂದು ಇಟ್ಟು, ಬಂದ ಗಿರಾಕಿಗಳಿಗೆಲ್ಲ "ಕುಡಿದು ನೋಡಿ ಸಾರ್" ಅಂತ ತಾವೇ ಕಂಡುಹಿಡಿದವರ ಹಾಗೆ ಕೊಡುತ್ತಿದ್ದರಂತೆ.

ಒಂದು ತಿಂಗಳು ಅಂದದ್ದು ಬೇಸಿಗೆ ದಾಟಿ, ಮಳೆಗಾಲ ದಾಟಿ, ಗಣಪತಿ ಹಬ್ಬದವರೆಗೆ ಬಂತು. ಡಬ್ಬಿ ಚೆನ್ನಾಗಿ ತುಂಬಿತ್ತು. ಒಂದು ಸಂಜೆ ನಮ್ಮವರು ಹಬ್ಬದ ಆಫರ್ ಇರುವ ಪೇಪರ್ ಹಿಡಿದುಕೊಂಡು ಬಂದು, ಡಬಲ್ ಡೋರ್ ಫ್ರಿಜ್ ತೋರಿಸಿದರು.

"ಅವ್ವಾ, ಈಗ ತಗೊಳ್ಳೋಣ್ವಾ?"

"ನನ್ನ ಯಾಕ ಕೇಳ್ತಿ? ಅಡುಗಿ ಮನಿಯಾಕಿನ್ನ ಕೇಳು."

ಎಲ್ಲರೂ ನನ್ನ ಕಡೆ ನೋಡಿದರು. ನಾನು ಬೀನ್ಸ್ ನಾರು ತೆಗೆಯುತ್ತಿದ್ದೆ. ಬಾಯಿಂದ ಹೇಗೆ ಬಂತೋ ಗೊತ್ತಿಲ್ಲ.

"ನನಗೆ ಫ್ರಿಜ್ ಬೇಡ ರೀ. ಸ್ಕೂಟರ್ ಬೇಕು."

ನಮ್ಮವರು ಪೇಪರ್ ಮಡಿಸಿದರು. "ಸ್ಕೂಟರಾ? ಹೆಂಗಸರಿಗೆ ಬಸ್ಸೇ ಫ್ರೀ ಇದೆಯಲ್ಲೇ!"

"ಫ್ರೀ ಅಂತ ಬಸ್ಸು ನಮ್ಮ ಮನೆ ಬಾಗಿಲಿಗೆ ಬರುತ್ತಾ? ಅತ್ತೆ ಮಂಡಿ ಡಾಕ್ಟರಿಗೆ ತೋರಿಸೋಕೆ ವಾರ ವಾರ ಆಟೋಗೆ ಎಷ್ಟು ಕೊಡ್ತೀವಿ? ಕೆಂಗೇರಿ ಉಪನಗರದಲ್ಲಿರೋ ನಮ್ಮಕ್ಕನ ಮನೆಗೆ ಹೋಗಿ ಎಷ್ಟು ತಿಂಗಳಾಯ್ತು?" ಇಷ್ಟು ಹೇಳಿ, ಇನ್ನೊಂದನ್ನೂ ಹೇಳಿದೆ. "ಅದೆಲ್ಲ ಇರಲಿ. ನನಗೆ ಓಡಿಸಬೇಕು ಅಂತ ಆಸೆ. ಹೈಸ್ಕೂಲಿನಲ್ಲಿದ್ದಾಗಿಂದ."

ಅತ್ತೆ ನನ್ನ ಹತ್ತಿರಕ್ಕೆ ಸರಿದು, "ನಾನೂ ಕುಂದ್ರಬಹುದಾ ಹಿಂದ?" ಅಂದರು. ಅಲ್ಲಿಗೆ ತೀರ್ಮಾನವಾಯಿತು.

ಎದುರು ಮನೆಯ ಟೀಚರ ಗೆಳತಿಯೊಬ್ಬರು ತಮ್ಮ ಸ್ಕೂಟರ್ ಮಾರುತ್ತಿದ್ದರು. ಬೂದು ಬಣ್ಣದ್ದು, ಹಳೆಯದಾದರೂ ಚೆನ್ನಾಗಿ ನೋಡಿಕೊಂಡಿದ್ದು. ಟೆರೇಸಿನ ಉದ್ದದ ಹುಡುಗ ಅದನ್ನು ಓಡಿಸಿ ನೋಡಿ, ಕಿವಿಗೊಟ್ಟು ಇಂಜಿನ್ ಕೇಳಿ, "ಆಂಟಿ, ಕಣ್ಮುಚ್ಕೊಂಡು ತಗೊಳ್ಳಿ. ಓಡಿಸುವಾಗ ಮಾತ್ರ ಕಣ್ಣು ಬಿಟ್ಕೊಳ್ಳಿ" ಅಂದ.

ಕಲಿಸಿದ್ದು ಮಗಳು, ಗೆಳತಿಯ ಸ್ಕೂಟರಿನಲ್ಲಿ ಮೊದಲೇ ಕಲಿತಿದ್ದವಳು. ಭಾನುವಾರ ಬೆಳಿಗ್ಗೆ, ಕ್ರಿಕೆಟ್ ಆಡುವವರು ಬರುವ ಮೊದಲು, ಮೈದಾನಕ್ಕೆ ಕರೆದುಕೊಂಡು ಹೋಗುತ್ತಿದ್ದಳು. ಚಿಕ್ಕವಳಿದ್ದಾಗ ಅವಳಿಗೆ ಸೈಕಲ್ ಕಲಿಸುವಾಗ ನಾನು ಬೈದಿದ್ದ ಬೈಗುಳಗಳನ್ನೆಲ್ಲ ಒಂದೂ ಬಿಡದೆ ನನಗೆ ವಾಪಸ್ ಕೊಟ್ಟಳು.

"ಅಮ್ಮಾ, ಕೆಳಗೆ ನೋಡಬೇಡ! ಮುಂದೆ ನೋಡು! ಬ್ರೇಕ್ ಹಿಡಿ! ಅಮ್ಮಾ, ಅದು ಹಾರ್ನ್!"

ಎರಡು ಸಲ ಬಿದ್ದೆ. ಒಂದು ಸಲ ನೆಟ್ಟಗೆ ಹೋಗಿ ಯಾರದೋ ಮನೆ ಕಟ್ಟುವ ಮರಳು ಗುಡ್ಡೆಗೆ ನುಗ್ಗಿ ನಿಂತೆ. ಕೆಲಸದವರು ಕೈಹಿಡಿದು ಎಬ್ಬಿಸಿ, "ಪರವಾಗಿಲ್ಲ ಅಕ್ಕ, ಮರಳು ನಮ್ಮದಲ್ಲ" ಅಂದರು. ಸೀರೆ ಕೊಡವಿಕೊಂಡು ಮತ್ತೆ ಹತ್ತಿದೆ. ಮೊದಲ ಬಾರಿ ಮೈದಾನದ ಸುತ್ತ ಕಾಲು ನೆಲಕ್ಕೆ ತಾಗಿಸದೆ ಒಂದು ರೌಂಡ್ ಬಂದಾಗ, ನನಗೇ ಗೊತ್ತಿಲ್ಲದೆ ಜೋರಾಗಿ ಕೂಗಿಕೊಂಡಿದ್ದೆನಂತೆ. ವಾಕಿಂಗ್ ಬಂದವರೆಲ್ಲ ನಿಂತು ನೋಡಿದರು ಅಂತ ಮಗಳು ಆಮೇಲೆ ಹೇಳಿದಳು.

ಲೈಸೆನ್ಸ್ ಟೆಸ್ಟಿನ ದಿನ ಇದ್ದಬದ್ದ ದೇವರಿಗೆಲ್ಲ ಕೈಮುಗಿದು ಹೋಗಿದ್ದೆ. ಎಂಟರ ಆಕಾರದಲ್ಲಿ ಓಡಿಸಿ ತೋರಿಸಬೇಕು. ನನ್ನ ಮುಂದಿದ್ದ ಹುಡುಗ ಗತ್ತಿನಲ್ಲಿ ಹೋಗಿ ಕಾಲೂರಿ ಫೇಲಾದ. ನಾನು ಮಗಳ ಮಾತು ನೆನಪಿಟ್ಟುಕೊಂಡು ಕೆಳಗೆ ನೋಡದೆ, ಮುಂದೆ ಮಾತ್ರ ನೋಡಿಕೊಂಡು, ಇರುವೆಯ ಹಾಗೆ ಹೋಗಿ ಬಂದೆ. ಪಾಸಾದೆ. ನಮ್ಮವರು ಅಂಗಡಿಯಲ್ಲಿ ಎಲ್ಲರಿಗೂ ಮೈಸೂರು ಪಾಕು ಹಂಚಿದರು. ಬಸ್ಸಿನ ವಾದ ಮಾಡಿದವರೂ ಅವರೇ.

ಫ್ರಿಜ್ಜೂ ಬಂತು, ಮಾರನೇ ವರ್ಷ. ಸೊಂಟದೆತ್ತರದ ಚಿಕ್ಕದು, ಹಾಲು ಮತ್ತು ಹಿಟ್ಟಿಗೆ ಸಾಕಾಗುವಷ್ಟು. ಅದರಲ್ಲಿ ಮರೆಯುವಷ್ಟು ಜಾಗವೇ ಇಲ್ಲ. ಮಾರ್ಕೆಟ್ಟಿಗೆ ಈಗಲೂ ಸಂಜೆ ನಡೆದೇ ಹೋಗುತ್ತೇವೆ.

ಆದರೆ ನಾನು ಮತ್ತೆ ಮತ್ತೆ ನೆನೆಸಿಕೊಳ್ಳುವುದು ಅತ್ತೆಯನ್ನು ಕೂರಿಸಿಕೊಂಡು ಮೊದಲ ಸಲ ಅಕ್ಕನ ಮನೆಗೆ ಹೊರಟ ದಿನವನ್ನು. ಹೆಲ್ಮೆಟ್ ಹಾಕುವುದೇ ದೊಡ್ಡ ಕೆಲಸವಾಯಿತು. ತುರುಬು ಅಡ್ಡ ಬಂತು. ಬಿಚ್ಚಿ ಜಡೆ ಹೆಣೆದೆವು. ಮಂಡಿ ನೋವು ಎಲ್ಲಿ ಹೋಯಿತೋ, ಒಂದು ಕಡೆ ಕಾಲು ಹಾಕಿ ಕೂತು, ನನ್ನ ಸೊಂಟವನ್ನು ಗಟ್ಟಿಯಾಗಿ ಹಿಡಿದುಕೊಂಡರು. ಮೈಸೂರು ರಸ್ತೆಗೆ ಬರುವಷ್ಟರಲ್ಲಿ ಆ ಹಿಡಿತ ಇನ್ನೂ ಬಿಗಿಯಾಯಿತು. ಹೆದರಿದ್ದಾರೆ ಅಂದುಕೊಂಡೆ.

"ಅತ್ತೆ, ನಿಧಾನ ಹೋಗ್ಲಾ?" ಅಂತ ಕೇಳಿದೆ.

ಬೆನ್ನಿನ ಹಿಂದಿನಿಂದ ದನಿ ಬಂತು: "ಆ ಬಸ್ಸು ನಮ್ಮನ್ನ ದಾಟಾಕತ್ತೈತಿ. ನೀ ಸುಮ್ನ ಕುಂತಿ ಏನು?"

ಸಿಗ್ನಲ್ಲಿನಲ್ಲಿ ನಿಂತಾಗ ಪಕ್ಕದ ಆಟೋದವನು ಅತ್ತೆಯ ಹೆಲ್ಮೆಟ್ ನೋಡಿ ನಕ್ಕ. ಅತ್ತೆ ಅವನ ಕಡೆ ತಿರುಗಿ, ಗಾಜು ಮೇಲೆತ್ತಿ, ನನ್ನ ಭುಜ ತಟ್ಟಿ ತೋರಿಸಿದರು.

"ನಮ್ಮ ಸೊಸಿ," ಅಂದರು. "ನೀ ಸ್ವಲ್ಪ ಆಕಡೆ ಸರಿಯಪ್ಪಾ, ನಾವು ಮುಂದ ಹೋಗ್ಬೇಕು."

ದೀಪ ಹಸಿರಾಯಿತು. ಅವನು ನಗುತ್ತಲೇ ಜಾಗ ಬಿಟ್ಟ.