ಸೂರಕ್ಕಿಯ ಕೊರಳಿನ ಗೆರೆ

ಸೂರಕ್ಕಿ ಹೂವಿನ ಜೇನನ್ನಷ್ಟೇ ಕುಡಿದು ಬದುಕುತ್ತದೆ ಎಂದು ನಮಗೆ ಶಾಲೆಯಲ್ಲಿ ಹೇಳಿಕೊಟ್ಟಿದ್ದರು. ಅದು ಜೇಡವನ್ನು ಕಚ್ಚಿ ತಂದು, ಕೊಂಬೆಗೆ ಬಡಿದು ನುಂಗುವುದನ್ನು ಶಿಡ್ಲಘಟ್ಟದ ಬಾಡಿಗೆ ಮನೆಯ ಹಿತ್ತಿಲಲ್ಲಿ ಕಣ್ಣಾರೆ ಕಂಡೆ. ಮಾಧ್ಯಮಿಕ ಶಾಲೆಗೇ ಓದು ನಿಂತುಹೋದ ನನಗೆ ಅಂದಿನಿಂದ ಒಂದು ಹಟ ಹತ್ತಿತು: ನೋಡದೆ ಯಾವುದನ್ನೂ ಒಪ್ಪಲಾರೆ.

ಐವತ್ತರ ದಶಕದ ಕೊನೆಯ ವರ್ಷಗಳವು. ರೇಷ್ಮೆ ನೂಲು ತೆಗೆಯುವ ಫಿಲೇಚರಿನಲ್ಲಿ ಕೆಲಸಕ್ಕಿದ್ದೆ. ತಾಯಿ ತೀರಿಕೊಂಡ ಮೇಲೆ ಹುಟ್ಟೂರು ತೊಂಡೇಬಾವಿಯ ರೈಲು ಹತ್ತುವ ಕಾರಣವೂ ತೀರಿತ್ತು. ರಜೆಯ ದಿನ ಒಂದು ಮಾತನ್ನೂ ಆಡದೆ ಸಂಜೆಯಾಗಿಬಿಡುತ್ತಿತ್ತು. ಹಿತ್ತಿಲಿನ ದಾಳಿಂಬೆ ಗಿಡದಿಂದ ಒಣಗಿದ ಕಡ್ಡಿಯೊಂದು ಹೊರಕ್ಕೆ ಚಾಚಿಕೊಂಡಿತ್ತು. ಬಿಸಿಲೇರುತ್ತಲೇ ಕಪ್ಪು ಸೂರಕ್ಕಿಯೊಂದು ಅದರ ತುದಿಗೆ ಬಂದು ಕೂರುತ್ತಿತ್ತು. ಮೈ ತಿರುಗಿಸಿದಾಗ ಆ ಕಪ್ಪು ನೇರಳೆಯಾಗಿ ಮಿನುಗುತ್ತಿತ್ತು. ಬಾಗಿಲೊಳಗೆ ನಾನು, ಕಡ್ಡಿಯ ಮೇಲೆ ಅದು. ಆ ಊರಿನಲ್ಲಿ ನನಗಿದ್ದ ಒಡನಾಟ ಅಷ್ಟೇ.

ಒಂದು ಮಳೆಗಾಲದಲ್ಲಿ ಅದು ಕೆಲವು ದಿನ ಕಾಣಿಸಲಿಲ್ಲ. ಆಮೇಲೆ ಅದೇ ಕಡ್ಡಿಗೆ ಮಾಸಲು ಬೆನ್ನಿನ, ತಿಳಿಹಳದಿ ಎದೆಯ ಹಕ್ಕಿ ಬರತೊಡಗಿತು. ಮನೆಯ ಒಡತಿ, ಮೇಲೂರು ಕಡೆಯ ವಿಧವೆ ಅಜ್ಜಿ, ಬಟ್ಟೆ ಒಣಹಾಕುತ್ತಲೇ ತೀರ್ಪಿತ್ತರು.

“ಆ ಕರೇದು ಸತ್ತೋಯ್ತು ಕಣಪ್ಪ. ಇದು ಅದರ ಹೆಂಡ್ತಿ. ಗಂಡ ಕೂತಿದ್ದ ಜಾಗದಲ್ಲೇ ಬಂದು ಕೂತ್ಕೊಂತದೆ, ಪಾಪ.”

“ಇಲ್ಲ ಅಜ್ಜಿ, ಅದೇ ಗಂಡು ಪುಕ್ಕ ಬದಲಾಯಿಸಿದೆ. ಕೊರಳಲ್ಲಿ ಕಪ್ಪು ಗೆರೆ ಉಳಿದಿದೆ, ನೋಡಿ.”

“ನನಗೆ ಗಿಡಾನೇ ನೆಟ್ಟಗೆ ಕಾಣಲ್ಲ, ಗೆರೆ ಕಾಣ್ತದಾ? ಆ ಸೂರಕ್ಕಿ ಬಿಟ್ಟು, ಅಕ್ಕಿ ಬೇಯಿಸಿ ಹಾಕೋಳ್ನ ಒಬ್ಬಳನ್ನ ಹುಡುಕ್ಕೋ ಹೋಗು!”

ಹೆಣ್ಣಿಗೆ ಆ ಗೆರೆಯಿರುವುದಿಲ್ಲ. ಗೆರೆ ದಿಟವಾದರೆ ನನ್ನ ಹಕ್ಕಿ ಬದುಕಿದೆ. ಇದಕ್ಕೆ ಸಾಕ್ಷಿ ಅಜ್ಜಿಗಿಂತ ಹೆಚ್ಚಾಗಿ ನನಗೇ ಬೇಕಾಗಿತ್ತು.

ಚಿಂತಾಮಣಿಯ ಸ್ಟುಡಿಯೋದ ಸಾಹೇಬರಿಂದ ಹಳೆಯ ಮಡಿಚುವ ಕ್ಯಾಮೆರಾ ಎರವಲು ತಂದೆ. ಹೂಕುಂಡವಿಟ್ಟು, ಹಿಂದೆ ಪರದೆ ಕಟ್ಟಿ ತೆಗೆಯಿರೆಂದು ಅವರು ಸಲಹೆಯಿತ್ತರು. ನಾನು ಒಪ್ಪಲಿಲ್ಲ. ಹಕ್ಕಿ ತಾನಾಗಿ ಆರಿಸಿಕೊಂಡ ಕಡ್ಡಿಯೇ ಅದರ ಗುರುತು. ಅದನ್ನು ಬದಲಿಸಿದರೆ ನನ್ನ ವಾದಕ್ಕೆ ನೆಲೆಯೇ ಇರುತ್ತಿರಲಿಲ್ಲ. ಎರಡು ಮೊಳ ದೂರದಲ್ಲಿ ಸ್ಟೂಲಿಟ್ಟು, ಮೊದಲು ಅದರ ಮೇಲೆ ಖಾಲಿ ಡಬ್ಬಿಯನ್ನಿರಿಸಿ ಹಕ್ಕಿಗೆ ರೂಢಿ ಮಾಡಿಸಿದೆ. ಆಮೇಲೆ ಡಬ್ಬಿಯ ಜಾಗದಲ್ಲಿ ಕ್ಯಾಮೆರಾ ಇಟ್ಟೆ. ಫಿಲೇಚರಿನಲ್ಲಿ ಬಿಸಾಡುವ ರೇಷ್ಮೆ ಎಳೆಗಳನ್ನು ಹೊಸೆದು ಅದರ ಗುಂಡಿಗೆ ಕಟ್ಟಿ, ಬಾಗಿಲ ಮರೆಯಲ್ಲಿ ಉಸಿರು ಹಿಡಿದು ಕುಳಿತೆ. ಎಳೆದಾಗಲೆಲ್ಲ ಹಕ್ಕಿ ಹಾರಿಹೋಗಿರುತ್ತಿತ್ತು. ಕೊನೆಗೊಂದು ಬೆಳಗ್ಗೆ ಅದು ಕತ್ತೆತ್ತಿ ಕೂತಿರುವಾಗಲೇ ದಾರ ಜಗ್ಗಿದೆ.

ಚಿಂತಾಮಣಿಯಲ್ಲಿ ಸಾಹೇಬರು ಕೈಗಿತ್ತ ಚಿತ್ರದಲ್ಲಿ ಕಡ್ಡಿಯ ಸಿಪ್ಪೆ ಕೂಡ ಸ್ಪಷ್ಟವಾಗಿತ್ತು. ಹಕ್ಕಿಯ ಎದೆ ಮಾತ್ರ ಒಗೆದ ಬಟ್ಟೆಯಂತೆ ಬೆಳ್ಳಗಿತ್ತು.

“ಗೆರೆ ಎಲ್ಲಿ?”

“ಅದಾ? ನೆಗೆಟಿವ್ ಮೇಲೆ ಗೀರು ಬಿದ್ದಿತ್ತು ಮೇಷ್ಟ್ರೇ. ಪೆನ್ಸಿಲ್‌ನಲ್ಲಿ ತುಂಬಿದೆ. ಅಲ್ಲಿ ಕಪ್ಪು ಮಾಡಿದ್ರೆ ಚಿತ್ರದಲ್ಲಿ ಬೆಳ್ಳಗೆ ಬರುತ್ತೆ. ಈಗ ನೋಡಿ, ಮದುವೆ ಹೆಣ್ಣಿನ ಥರ ಕ್ಲೀನಾಗಿದೆ!”

ನಾನು ಮೇಷ್ಟರಲ್ಲವೆಂದು ಅವರಿಗೆ ಎಷ್ಟು ಸಲ ಹೇಳಿದ್ದರೂ ಉಪಯೋಗವಿರಲಿಲ್ಲ.

“ಅದು ಗೀರಲ್ಲ ಸಾಹೇಬರೇ, ಪುಕ್ಕ.”

“ಯಾ ಅಲ್ಲಾ! ಜನರ ಮುಖದ ಮೇಲೆ ಸಿಡುಬಿನ ಕಲೇನೇ ಬಿಡೋನಲ್ಲ ನಾನು. ಇದನ್ನ ಬಿಡ್ತೀನಾ?”

ನಗುತ್ತಲೇ ಟರ್ಪೆಂಟೈನಿನಲ್ಲಿ ಪೆನ್ಸಿಲ್ ಗುರುತನ್ನು ಒರೆಸಿ, ಮತ್ತೊಂದು ಪ್ರತಿ ತೆಗೆದುಕೊಟ್ಟರು. ಕೊರಳಿನ ಗೆರೆ ಹಿಂದಿರುಗಿತು.

ಎರಡು ಚಿತ್ರಗಳನ್ನೂ ಅಜ್ಜಿಯ ಮುಂದಿಟ್ಟು, ನಡೆದುದನ್ನೆಲ್ಲ ವಿವರಿಸಿದೆ. ಅವರು ಕಣ್ಣಿಗೆ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು.

“ಇದರಲ್ಲಿ ಇಲ್ಲ, ಅದರಲ್ಲಿ ಅದೆ. ಬರೆಸ್ಕೊಂಡು ಬಂದ್ಯಾ?”

“ಅಯ್ಯೋ, ಅಳಿಸಿದ್ದೇ ಅವರು ಅಜ್ಜಿ!”

“ಏನೋ ಒಂದು. ನಮ್ಮನೆಯವರ ಪೋಟೋನೂ ಹಂಗೇ. ಒಳಕ್ಕೋಗಿದ್ದ ಕೆನ್ನೆ ತುಂಬ್ಸಿ ಕೊಟ್ರು. ಎಲ್ರೂ ಚೆಂದಾಗದೆ ಅಂತಾರೆ. ಅದು ಅವರಲ್ಲಪ್ಪ.”

ಕೇಳಿದ್ದನ್ನು ನಂಬದವನು ನಾನೊಬ್ಬನೇ ಎಂದುಕೊಂಡಿದ್ದೆ.

ಮಾಘದ ಹೊತ್ತಿಗೆ ಗೆರೆ ದಿನದಿನಕ್ಕೂ ಅಗಲವಾಗಿ, ಹಕ್ಕಿ ಪೂರ್ತಿ ಕಪ್ಪಾಯಿತು. ಅದು ಗಂಡೆಂಬುದು ನನ್ನ ಕಣ್ಣೆದುರೇ ಸಿದ್ಧವಾಯಿತು. ಆದರೆ ಹಿಂದಿನ ವರ್ಷದ ಗಂಡೇ ಎಂದು ಹೇಳುವುದು ಹೇಗೆ? ಒಳ್ಳೆಯ ಕಡ್ಡಿ ತೆರವಾದರೆ ಇನ್ನೊಂದು ಗಂಡು ಬಂದು ಕೂರಬಹುದು. ಅದು ಕಾಣದೆ ಹೋದ ಆ ಕೆಲವು ದಿನಗಳಿಗೆ ನನ್ನಲ್ಲಿ ಯಾವ ಚಿತ್ರವೂ ಇರಲಿಲ್ಲ. ಅಜ್ಜಿ ಅಷ್ಟರಲ್ಲಿ ಗೌರಿಬಿದನೂರಿನ ಮಗಳ ಮನೆ ಸೇರಿದ್ದರು. ಹೌದೆನ್ನಲು, ಅಲ್ಲವೆನ್ನಲು ಯಾರೂ ಉಳಿದಿರಲಿಲ್ಲ. ಹೊಳೆಯುವ ಆ ಹಕ್ಕಿಯನ್ನು, ಪರಿಚಯ ಹೇಳಿಕೊಳ್ಳಲೋ ಬೇಡವೋ ಎಂದು ಅಳುಕುವವನಂತೆ, ಬಾಗಿಲೊಳಗಿನಿಂದ ನೋಡುತ್ತ ನಿಂತೆ.