ದಾರ್ಸೈಟಿನ ನಿರುದ್ಯೋಗ ಭತ್ಯೆ

ಒಮಾನಿನಲ್ಲಿ ನಿರುದ್ಯೋಗ ಭತ್ಯೆ ಉಂಡು ಬದುಕಿದ ಕನ್ನಡಿಗರು, ನನಗೆ ತಿಳಿದ ಮಟ್ಟಿಗೆ, ಇಬ್ಬರೇ. ಅವರಲ್ಲಿ ಮೊದಲನೆಯವನು ನಾನು ಎಂದು ಹೇಳಿಕೊಳ್ಳಲು ನನಗೆ ಈಗಲೂ ಸಂಕೋಚವಿಲ್ಲ. ನಮ್ಮಂಥ ಪರದೇಶಿಗಳಿಗೆ ಆ ದೇಶದಲ್ಲಿ ಅಂಥದೇನೂ ಇರಲಿಲ್ಲ. ಕೆಲಸ ಹೋದರೆ ವೀಸಾ ಹೋಯಿತು, ವೀಸಾ ಹೋದರೆ ಸೀಬ್ ವಿಮಾನ ನಿಲ್ದಾಣ. ಹೀಗಿದ್ದೂ ಎಂಬತ್ತರ ದಶಕದ ನಡುವಿನಲ್ಲಿ, ಮಸ್ಕತ್ತಿನ ದಾರ್ಸೈಟ್ ಬಡಾವಣೆಯ ಒಂದು ಮೂರನೇ ಮಹಡಿಯ ಫ್ಲ್ಯಾಟಿನಲ್ಲಿ, ಇಂಗ್ಲೆಂಡಿನ ಮಾದರಿಯ ಭತ್ಯೆ ಯೋಜನೆಯೊಂದು ಕೆಲವು ತಿಂಗಳು ಶಾಸ್ತ್ರೋಕ್ತವಾಗಿ ಜಾರಿಯಲ್ಲಿತ್ತು. ಅದರ ಕರಡು ಬರೆದವನೂ ನಾನೇ.

ಫ್ಲ್ಯಾಟಿನಲ್ಲಿ ನಾವು ಮೂವರು. ಜವಳಿ ವ್ಯಾಪಾರದ ಕಚೇರಿಯಲ್ಲಿ ಲೆಕ್ಕ ಬರೆಯುವ ಉಡುಪಿಯವರು, ಮನೆಗಳ ನಕ್ಷೆ ಬರೆಯುವ ಮೈಸೂರಿನವರು, ಮತ್ತು ಕಟ್ಟಡ ಸಾಮಾನು ತರಿಸುವ ಸಣ್ಣ ಕಂಪೆನಿಯೊಂದರ ರೂವಿ ಕಚೇರಿಯಲ್ಲಿ ಗುಮಾಸ್ತನಾಗಿದ್ದ ನಾನು. ಉಡುಪಿಯವರೂ ನಾನೂ ತುಳುವಿನಲ್ಲಿ ಮಾತಾಡಿಕೊಳ್ಳುತ್ತಿದ್ದೆವು. ಮೈಸೂರಿನವರು ಒಳಗೆ ಬಂದೊಡನೆ, ತಮ್ಮನ್ನೇ ಬೈಯುತ್ತಿದ್ದೇವೆಂದು ಅವರು ತಿಳಿಯದಿರಲಿ ಎಂದು ಕನ್ನಡಕ್ಕೆ ಹೊರಳುತ್ತಿದ್ದೆವು. ಎಷ್ಟೋ ಸಲ ಅವರನ್ನೇ ಬೈಯುತ್ತಿದ್ದೆವು ಎಂಬುದು ಬೇರೆ ಮಾತು.

ಒಂದು ಶುಕ್ರವಾರ ಮೈಸೂರಿನವರಿಗೆ ಇಂಗ್ಲೆಂಡಿನ ದಾಯಾದಿಯಿಂದ ಕಾಗದ ಬಂತು. ಅವನ ಕಾರ್ಖಾನೆ ಮುಚ್ಚಿತಂತೆ. ಸರ್ಕಾರವೇ ವಾರ ವಾರ ದುಡ್ಡು ಕೊಡುತ್ತಿದೆಯಂತೆ. ಅವನು ಹಿತ್ತಲಲ್ಲಿ ಗುಲಾಬಿ ಬೆಳೆಸುತ್ತಿದ್ದಾನಂತೆ.

"ಅಲ್ರೀ, ನ್ಯಾಯಾನೇನ್ರೀ ಇದು?" ಎಂದರು ಮೈಸೂರಿನವರು. "ನಾನಿಲ್ಲಿ ಯಾರದೋ ಬಚ್ಚಲಮನೆಗೆ ಗೆರೆ ಎಳೀತಾ ಇದೀನಿ. ಆ ಸೋಮಾರಿ ಅಲ್ಲಿ ಗುಲಾಬಿಗೆ ನೀರು ಹಾಕ್ತಾ ಇದಾನೆ!"

"ನಮ್ಗೂ ಹಾಗೊಂದು ಇರ್ಲಿ ಮಾರಾಯ್ರೆ," ಎಂದರು ಉಡುಪಿಯವರು. "ಇಲ್ಲಿ ಯಾರ ಕೆಲ್ಸ ಯಾವಾಗ ಹೋಗ್ತದೆ ಅಂತ ಹೇಳ್ಲಿಕ್ಕೆ ಆಗುದಿಲ್ಲ."

ನಾನು ಆಗಿಂದಾಗಲೇ ಕಾಗದ ತೆಗೆದೆ. ನಿಬಂಧನೆ ಬರೆಯುವುದೆಂದರೆ ನನಗೆ ಬೇರೆಯವರಿಗೆ ಪಾಯಸವಿದ್ದಂತೆ. ಕೆಲಸ ಕಳೆದುಕೊಂಡ ಸದಸ್ಯನ ಬಾಡಿಗೆ, ಊಟ ಎರಡನ್ನೂ ಉಳಿದವರು ಹೊರತಕ್ಕದ್ದು. ಅವನಿಂದ ಅಡುಗೆ, ಪಾತ್ರೆ, ಕಸ ಯಾವುದನ್ನೂ ಮಾಡಿಸತಕ್ಕದ್ದಲ್ಲ, ಏಕೆಂದರೆ ಅದರಿಂದ ಅವನ ಮನಸ್ಸು ನೋಯುವ ಸಂಭವವಿದೆ. "ಏನಾಯ್ತು, ಕೆಲಸ ಸಿಕ್ಕಿತೇ?" ಎಂದು ಯಾರೂ ಕೇಳಕೂಡದು. ಬೇರೆ ಕೆಲಸ ಸಿಗುವ ತನಕ, ಅಥವಾ ವೀಸಾ ಮುಗಿಯುವ ತನಕ, ಈ ಸೌಲಭ್ಯ ನಡೆಯತಕ್ಕದ್ದು. ಮೂವರೂ ರುಜು ಹಾಕಿದೆವು. ಉಡುಪಿಯವರು ರುಜುವಿನ ಮೇಲೆ ಒಂದು ಅಂಚೆ ಚೀಟಿಯನ್ನೂ ಅಂಟಿಸಿದರು. ಕಾನೂನಿನ ಬಲ ಬರಲಿ ಎಂದು.

ಎರಡೇ ತಿಂಗಳಲ್ಲಿ ಎಣ್ಣೆಯ ಬೆಲೆ ಬಿತ್ತು, ಕಟ್ಟಡಗಳು ನಿಂತವು, ನನ್ನ ಕಂಪೆನಿ ಬಾಗಿಲು ಹಾಕಿತು. ನನ್ನ ಕಫೀಲ್, ಅಂದರೆ ನನ್ನ ವೀಸಾಕ್ಕೆ ಹೊಣೆಗಾರನಾದ ಮಾಲೀಕ, ಬಹಳ ಒಳ್ಳೆಯ ಮುದುಕ. ಕೂರಿಸಿ, ಕಾಫಿ ಖರ್ಜೂರ ಕೊಟ್ಟು, "ವೀಸಾ ಇನ್ನು ನಾಲ್ಕು ತಿಂಗಳು ಇದೆ. ಅಷ್ಟರಲ್ಲಿ ಬೇರೆ ಮಾಲೀಕನನ್ನು ಹುಡುಕು, ಬಿಡುಗಡೆ ಕಾಗದಕ್ಕೆ ಸಹಿ ಮಾಡುತ್ತೇನೆ," ಎಂದ. ಖರ್ಜೂರ ಬಹಳ ಸಿಹಿಯಾಗಿತ್ತು.

ಇಲ್ಲಿ ನನ್ನ ಹೆಂಡತಿಯ ವಿಷಯ ಹೇಳಬೇಕು. ಮದುವೆಯಾಗಿ ಹನ್ನೊಂದು ತಿಂಗಳಾಗಿತ್ತು. ಅದರಲ್ಲಿ ನಾವು ಜೊತೆಗಿದ್ದದ್ದು ಇಪ್ಪತ್ತಾರು ದಿನ. ಅದರಲ್ಲೂ ಒಂಬತ್ತು ದಿನ ನೆಂಟರ ಮನೆಗಳಲ್ಲಿ ಬೇರೆ ಬೇರೆ ಪಂಕ್ತಿಯಲ್ಲಿ ಕೂತು ಹೋಳಿಗೆ ತಿಂದದ್ದು. ಅವಳನ್ನು ಮಸ್ಕತ್ತಿಗೆ ಕರೆಸಿಕೊಳ್ಳಲು ಫ್ಯಾಮಿಲಿ ವೀಸಾ ಬೇಕು, ಅದಕ್ಕೆ ಇಷ್ಟು ಸಂಬಳವೆಂದು ಇರಬೇಕು. ನನ್ನ ಸಂಬಳ ಕುಂಟುತ್ತಾ ಆ ಗೆರೆಯ ಹತ್ತಿರ ಬಂದಾಗಲೇ ಕಂಪೆನಿ ಮುಚ್ಚಿತ್ತು. ಅಂಥದೇ ಕೆಲಸ ಸಿಕ್ಕಿದರೆ ಅವಳು ಇಲ್ಲಿಗೆ. ಏನೂ ಸಿಗದಿದ್ದರೆ ನಾನು ಅಲ್ಲಿಗೆ, ಅಲ್ಲಿ ಮಾಡಲು ಕೆಲಸವೇ ಇಲ್ಲದೆ. ಅವಳಿಗೆ ನಾನಿನ್ನೂ ಸುದ್ದಿ ಬರೆದಿರಲಿಲ್ಲ. "ಇಲ್ಲಿ ಸ್ವಲ್ಪ ಬಿಡುವಾಗಿದ್ದೇನೆ" ಎಂದಷ್ಟೇ ಬರೆದಿದ್ದೆ. ಅದು ಸುಳ್ಳಲ್ಲ.

ಇಷ್ಟು ಗಂಭೀರ ಪರಿಸ್ಥಿತಿಯಲ್ಲಿ ಮನುಷ್ಯ ಸೊರಗಬೇಕು. ನಾನು ದಪ್ಪವಾದೆ.

ಭತ್ಯೆಯ ಸುಖವನ್ನು ಅನುಭವಿಸದವರಿಗೆ ವರ್ಣಿಸುವುದು ಕಷ್ಟ. ಬೆಳಿಗ್ಗೆ ಒಂಬತ್ತಕ್ಕೆ ಏಳುತ್ತಿದ್ದೆ. ನನ್ನ ಪಾಲಿನ ಉಪ್ಪಿಟ್ಟು ತಟ್ಟೆ ಮುಚ್ಚಿಕೊಂಡು ಕಾದಿರುತ್ತಿತ್ತು. ಸ್ನಾನ ಮಾಡಿ ಕೃಷ್ಣನ ಗುಡಿಗೆ ಹೋಗಿ, ಕೆಲಸ ಕೊಡು ಎಂದು ದೇವರಲ್ಲಿ ಬೇಡಿ, ಅವಸರವೇನಿಲ್ಲ ಎಂದೂ ಸೇರಿಸಿ ಬರುತ್ತಿದ್ದೆ. ವಾರಕ್ಕೆ ಎರಡು ದಿನ ಟೈ ಕಟ್ಟಿಕೊಂಡು ಕಚೇರಿಗಳಿಗೆ ಅರ್ಜಿ ಹಂಚುತ್ತಿದ್ದೆ. ಉಳಿದ ದಿನ ಬಾಲ್ಕನಿಯಲ್ಲಿ ಕೂತು ಕೆಳಗೆ ಕೆಲಸಕ್ಕೆ ಓಡುವವರನ್ನು ನೋಡುವುದು. ಅವರೆಲ್ಲ ಏಕೆ ಹಾಗೆ ಓಡುತ್ತಾರೆಂಬ ಪ್ರಶ್ನೆ ನನ್ನನ್ನು ಆಳವಾಗಿ ಕಾಡುತ್ತಿತ್ತು. ಸಂಜೆ ಇಬ್ಬರೂ ಬೆವರಿ ಬಂದು ಅಡುಗೆ ಮಾಡುವಾಗ, ನಾನು ಬಾಗಿಲಲ್ಲಿ ನಿಂತು ಉಪ್ಪಿನ ವಿಷಯದಲ್ಲಿ ಸಲಹೆ ಕೊಡುತ್ತಿದ್ದೆ. ಸಲಹೆ ಕೊಡಕೂಡದೆಂಬ ನಿಬಂಧನೆ ಇರಲಿಲ್ಲ.

ಎರಡೂವರೆ ತಿಂಗಳು ಹೀಗೆ ಕಳೆದ ಮೇಲೆ ಘಾಲಾದ ಒಂದು ಗ್ಯಾರೇಜಿನಿಂದ ಕರೆ ಬಂತು. ಬರುವ ಗಾಡಿಗಳ ನಂಬರು, ರೋಗ, ಔಷಧಿ ಇವನ್ನು ಕಾರ್ಡಿನಲ್ಲಿ ಬರೆಯುವ ಗುಮಾಸ್ತಿಕೆ. ಸಂಬಳ ಎಪ್ಪತ್ತು ರಿಯಾಲ್, ನನ್ನ ಹಳೆಯ ಸಂಬಳದ ಅರ್ಧ. ವಾರಕ್ಕೆ ಆರು ದಿನ, ಬೆಳಿಗ್ಗೆ ಏಳರಿಂದ. ಯೋಚಿಸಿ ಹೇಳುತ್ತೇನೆಂದು ಬಂದು ಶುಕ್ರವಾರ ವಿಷಯವನ್ನು ಸಭೆಯ ಮುಂದಿಟ್ಟೆ.

"ಎಪ್ಪತ್ತರಲ್ಲಿ ಬಾಡಿಗೆ, ಮೆಸ್ಸು, ಟ್ಯಾಕ್ಸಿ ಕಳೆದ್ರೆ ಊರಿಗೆ ಕಳ್ಸಲಿಕ್ಕೆ ಎಷ್ಟು ಉಳಿತದೆ?" ಎಂದು ಉಡುಪಿಯವರು ಕೇಳಿ, ತಾವೇ ಲೆಕ್ಕ ಹಾಕಿ, "ಹನ್ನೆರಡು," ಎಂದರು.

"ಕೆಲಸ ಮಾಡದೆ ಇದ್ದರೆ ಸೊನ್ನೆ," ಎಂದೆ. "ಅಂದರೆ ತಿಂಗಳೆಲ್ಲ ಡೀಸೆಲ್ ಕುಡಿಯುವುದಕ್ಕೆ ಹನ್ನೆರಡು ರಿಯಾಲ್. ದಿನಕ್ಕೆ ಅರ್ಧ ರಿಯಾಲೂ ಬೀಳುವುದಿಲ್ಲ."

"ಒಪ್ಕೋಬೇಡಿ ಕಣ್ರೀ," ಎಂದರು ಮೈಸೂರಿನವರು ಮೇಜು ಕುಟ್ಟಿ. "ಒಂದ್ಸಲ ಎಪ್ಪತ್ತಕ್ಕೆ ಇಳಿದ್ರೆ ನೀವು ಎಪ್ಪತ್ತರ ಮನುಷ್ಯ. ನಿಮ್ಮ ಮನೆಯವರು ಇಲ್ಲಿಗೆ ಬರೋದು ಯಾವಾಗ? ಕೂತಿರಿ. ಒಳ್ಳೇದು ಬರುತ್ತೆ. ನಾವಿದೀವಲ್ಲ!"

"ಆರು ವಾರದಲ್ಲಿ ವೀಸಾ ಮುಗಿತದಲ್ಲ, ಆಗ ಎಂಥ ಮಾಡುದು?" ಎಂದರು ಉಡುಪಿಯವರು. "ಹನ್ನೆರಡಾದ್ರೂ ಇವ್ರು ಇಲ್ಲಿ ಇರ್ತಾರೆ. ಇದ್ರೆ ತಾನೇ ಮತ್ತೊಂದು ಹುಡುಕ್ಲಿಕ್ಕೆ ಆಗುದು?"

ಇಬ್ಬರ ವಾದವೂ ಸರಿಯಾಗಿತ್ತು. ಎರಡು ವಾದವೂ ಸರಿಯಿದ್ದಾಗ ಮಲಗುವುದು ನನ್ನ ಪದ್ಧತಿ. ಗ್ಯಾರೇಜಿಗೆ ಉತ್ತರ ಕೊಡದೆ ಹತ್ತು ದಿನ ಕಳೆದೆ.

ಹನ್ನೊಂದನೆಯ ದಿನ ಮೈಸೂರಿನವರು ಮಧ್ಯಾಹ್ನವೇ ಮನೆಗೆ ಬಂದರು. ಕೈಯಲ್ಲಿ ತಮ್ಮ ಸ್ಕೇಲು, ಪೆನ್ಸಿಲ್ ಡಬ್ಬಿ, ಒಂದು ಡಜನ್ ಬಾಳೆಹಣ್ಣು. ಮುಖದಲ್ಲಿ ಮದುವಣಿಗನ ಕಳೆ.

"ಖಲಾಸ್!" ಎಂದರು. "ಅದೇ ಬಚ್ಚಲಮನೆ ಏಳನೇ ಸಲ ಬರೀರಿ ಅಂದ. ರಾಜೀನಾಮೆ ಬಿಸಾಕಿ ಬಂದೆ."

"ಅಯ್ಯೋ! ಎಂಥ ಕೆಲಸ ಮಾಡಿದಿರಿ!"

"ಯಾಕ್ರೀ? ನಿಮ್ಮ ಮುಖ ನೋಡಿಯೇ ನನಗೆ ಧೈರ್ಯ ಬಂದದ್ದು. ಮೂರು ತಿಂಗಳಿಂದ ನೋಡ್ತಾ ಇದೀನಿ, ದಿನಾ ಒಂದೊಂದು ಕಳೆ ಹೆಚ್ತಾ ಇದೆ. ಎಲ್ಲಿ, ಆ ನಿಬಂಧನೆ ತೆಗೀರಿ ನೋಡೋಣ. ರಾಜೀನಾಮೆ ಕೊಟ್ಟವರಿಗೆ ಇಲ್ಲ ಅಂತ ಎಲ್ಲಾದರೂ ಬರೆದಿದೆಯೇ?"

ತೆಗೆದು ನೋಡಿದೆ. ಬರೆದಿರಲಿಲ್ಲ. "ಕೆಲಸ ಕಳೆದುಕೊಂಡ" ಎಂದಷ್ಟೇ ಇತ್ತು. ಅವರು ಕಳೆದುಕೊಂಡಿದ್ದರು, ತಮ್ಮ ಕೈಯಾರೆ. ಕರಡು ಬರೆದವನ ಅಭಿಮಾನ ಎಷ್ಟು ವಿಚಿತ್ರವೆಂದರೆ, ನನ್ನ ವಾಕ್ಯ ಇಷ್ಟು ಉದಾರವಾಗಿದೆಯಲ್ಲ ಎಂದು ಆ ಗಳಿಗೆಯಲ್ಲೂ ಒಳಗೊಳಗೇ ಹಿಗ್ಗಿದೆ.

ಸಂಜೆ ಉಡುಪಿಯವರು ಬಂದಾಗ ನಾವಿಬ್ಬರೂ ಬಾಲ್ಕನಿಯಲ್ಲಿ ಅಕ್ಕಪಕ್ಕ ಕೂತಿದ್ದೆವು. ವಿಷಯ ಕೇಳಿ ಅವರು ಚಪ್ಪಲಿಯನ್ನೂ ಬಿಡದೆ ನಿಂತರು. ಮೂವರ ಬಾಡಿಗೆ, ಮೂವರ ಅನ್ನ, ಮೂವರ ಪಾತ್ರೆ ಅವರ ಒಬ್ಬರ ತಲೆಯ ಮೇಲೆ ಬಂದಿತ್ತು.

"ಒಳ್ಳೇದಾಯ್ತು," ಎಂದರು ಬಹಳ ಶಾಂತವಾಗಿ. "ನಾಳೆ ನಾನೂ ರಾಜೀನಾಮೆ ಕೊಡ್ತೇನೆ. ಮೂವರೂ ಇಲ್ಲೇ ಕೂತು ಒಬ್ಬರಿಗೊಬ್ಬರು ಭತ್ಯೆ ಕೊಡುವ. ಇನ್ನೊಂದು ಕುರ್ಚಿ ತರ್ಬೇಕಷ್ಟೆ."

ಮೈಸೂರಿನವರು ನಕ್ಕರು. ನಾನೂ ನಕ್ಕೆ. ಉಡುಪಿಯವರೂ ನಗುತ್ತಾ ಒಳಗೆ ಹೋಗಿ ಅಕ್ಕಿ ತೊಳೆಯತೊಡಗಿದರು. ಆ ಅಕ್ಕಿ ತೊಳೆಯುವ ಸದ್ದು ಎಂದಿಗಿಂತ ಸ್ವಲ್ಪ ಜೋರಾಗಿತ್ತು. ನಾನು ಎದ್ದು ಹೋಗಿ, ನಿಬಂಧನೆಗೆ ವಿರುದ್ಧವಾಗಿ, ಈರುಳ್ಳಿ ಹೆಚ್ಚಿದೆ. ಹೆಚ್ಚುತ್ತಿರುವಾಗಲೇ ನನಗೆ ತೀರ್ಮಾನವಾಯಿತು. ಭತ್ಯೆ ತಿನ್ನುವುದು ಸುಲಭ, ಆದರೆ ಅದನ್ನು ಕೊಡುವವನ ಬೆನ್ನನ್ನು ಅಡುಗೆಮನೆಯಲ್ಲಿ ನೋಡುತ್ತಾ ತಿನ್ನುವುದು ಇಂಗ್ಲೆಂಡಿನವರಿಗೆ ಬಾರದ ಕಷ್ಟ.

ಮರುದಿನ ಘಾಲಾಕ್ಕೆ ಹೋದೆ. ಗ್ಯಾರೇಜಿನ ಒಮಾನಿ ಮಾಲೀಕ ಧಡೂತಿ ಆಸಾಮಿ, ಹಿಂದಿಯನ್ನು ನನಗಿಂತ ಚೆನ್ನಾಗಿ ಆಡುತ್ತಿದ್ದ. ಕೆಲಸ ಇನ್ನೂ ಇತ್ತು. ಎಪ್ಪತ್ತಕ್ಕೆ ಯಾರೂ ಬಂದಿರಲಿಲ್ಲವೆಂಬುದು ಅದರ ಒಂದು ಗುಣ.

"ಎಂಬತ್ತು ಮಾಡಿ," ಎಂದೆ.

"ಎಪ್ಪತ್ತು."

"ನನಗೆ ಹೆಂಡತಿ ಇದ್ದಾಳೆ. ಎಪ್ಪತ್ತರಲ್ಲಿ ಅವಳನ್ನು ಕರೆಸಲಾಗುವುದಿಲ್ಲ."

"ಎಂಬತ್ತರಲ್ಲೂ ಆಗುವುದಿಲ್ಲ," ಎಂದ ಅವನು. ಅದೂ ನಿಜ. ಆಮೇಲೆ ಸ್ವಲ್ಪ ಹೊತ್ತು ನನ್ನ ಟೈಯನ್ನೇ ನೋಡಿ ಹೇಳಿದ: "ಜುಲೈ, ಆಗಸ್ಟಿನಲ್ಲಿ ನಾನು ಮನೆಮಂದಿ ಸಮೇತ ದಕ್ಷಿಣದ ಸಲಾಲಾಕ್ಕೆ ಹೋಗುತ್ತೇನೆ, ಅಲ್ಲಿ ಆಗ ಮಳೆ. ಇಲ್ಲಿ ಬೆಂಕಿ, ಅಲ್ಲಿ ತಂಪು. ನಾನಿಲ್ಲದೆ ಗ್ಯಾರೇಜ್ ನಡೆಯುವುದಿಲ್ಲ, ಆದ್ದರಿಂದ ನಲವತ್ತೈದು ದಿನ ಬಂದ್. ಎಲ್ಲರೂ ಊರಿಗೆ ಹೋಗಲೇಬೇಕು."

"ಪ್ರತಿ ವರ್ಷ?"

"ಪ್ರತಿ ವರ್ಷ. ಟಿಕೆಟ್ ನನ್ನದು. ಆದರೆ ಆ ದಿನಗಳಿಗೆ ಸಂಬಳ ಅರ್ಧ ಮಾತ್ರ, ಹಾಂ? ಕೂತಿದ್ದಕ್ಕೆ ಪೂರ್ತಿ ಯಾರು ಕೊಡುತ್ತಾರೆ?"

ಗಲ್ಫಿನಲ್ಲಿ ಎರಡು ವರ್ಷಕ್ಕೊಮ್ಮೆ ರಜೆ ಸಿಗುವವನು ಭಾಗ್ಯವಂತ. ಹಳೆಯ ಕೆಲಸದಲ್ಲಿ ನನ್ನ ಭಾಗ್ಯ ಅಷ್ಟೇ ಇತ್ತು. ಮದುವೆಯಾದಂದಿನಿಂದ ಇಪ್ಪತ್ತಾರೇ ದಿನ ಗಂಡನಾಗಿದ್ದವನಿಗೆ ವರ್ಷಕ್ಕೆ ನಲವತ್ತೈದು ದಿನ! ಅದೂ ಸುಮ್ಮನೆ ಕೂರುವುದಕ್ಕೆ ಅರ್ಧ ಸಂಬಳ! ಮೂರು ತಿಂಗಳ ಅನುಭವವಿದ್ದ ನನಗೆ ಈ ಹುದ್ದೆಗೆ ನನ್ನಷ್ಟು ಯೋಗ್ಯ ಬೇರೆ ಯಾರೂ ಕಾಣಲಿಲ್ಲ. ಅವನು ಇನ್ನೂ ಏನೋ ಹೇಳುತ್ತಿದ್ದ, ನಾನು ಎರಡೂ ಕೈಯಲ್ಲಿ ಅವನ ಕೈ ಹಿಡಿದು ಕುಲುಕಿಬಿಟ್ಟೆ. ಕೈಗೆ ಗ್ರೀಸು ಮೆತ್ತಿತು. ಟೈಗೂ ಮೆತ್ತಿತು. ಟ್ಯಾಕ್ಸಿಯಲ್ಲಿ ದಾರ್ಸೈಟಿನವರೆಗೆ ಒಬ್ಬನೇ ನಗುತ್ತಾ ಬಂದೆ. ಪಕ್ಕದಲ್ಲಿದ್ದ ಪಠಾಣ ಸ್ವಲ್ಪ ಸರಿದು ಕೂತ.

ಹಳೆಯ ಕಫೀಲ್ ಹೇಳಿದಂತೆಯೇ ಬಿಡುಗಡೆ ಕಾಗದಕ್ಕೆ ಸಹಿ ಮಾಡಿದ. ಮೊದಲ ತಿಂಗಳ ಸಂಬಳದಲ್ಲಿ ನನ್ನ ಪಾಲಿನ ಜೊತೆಗೆ ಮೈಸೂರಿನವರ ಪಾಲಿನ ಅರ್ಧವನ್ನೂ ನಾನು ಹೊತ್ತೆ. ನಿಬಂಧನೆ ಹಾಗಿತ್ತು. ಊರಿಗೆ ಹನ್ನೆರಡರ ಬದಲು ಏನೂ ಹೋಗಲಿಲ್ಲ. ಎಪ್ಪತ್ತು ರಿಯಾಲಿನ ಗುಮಾಸ್ತನೊಬ್ಬ ಒಬ್ಬ ನಕ್ಷೆಗಾರನನ್ನು ಸಾಕುತ್ತಿದ್ದಾನೆಂಬ ಘನತೆ ಮಾತ್ರ ಉಳಿಯಿತು. ನಾನು ಬೆವರಿ ಬಂದು ಹುಳಿ ಕಲಕುವಾಗ ಆ ಮಹಾನುಭಾವರು ಬಾಗಿಲಲ್ಲಿ ನಿಂತು, "ಇಂಗು ಸಾಲದು ಕಣ್ರೀ," ಎನ್ನುತ್ತಿದ್ದರು.

ಕೆಲಸ ಸಿಕ್ಕಿದ ವಾರವೇ ಹೆಂಡತಿಗೆ ಎಲ್ಲವನ್ನೂ ಬರೆದಿದ್ದೆ. ಕಂಪೆನಿ ಮುಚ್ಚಿದ್ದು, ನಾನು ದಪ್ಪವಾದದ್ದು, ಎಪ್ಪತ್ತು, ಅವಳು ಇಲ್ಲಿಗೆ ಬರುವುದು ಸದ್ಯಕ್ಕೆ ಆಗದೆಂಬುದು, ಕೊನೆಗೆ ದೊಡ್ಡ ಅಕ್ಷರಗಳಲ್ಲಿ ನಲವತ್ತೈದು ದಿನ. ಅವಳು ಅಳುತ್ತಾಳೆ, ಅಥವಾ ಸಿಟ್ಟಾಗುತ್ತಾಳೆ ಎಂದು ಹೆದರಿ ಹದಿನೆಂಟು ದಿನ ಗುಡಿಗೆ ತಪ್ಪದೆ ಹೋದೆ. ಈ ಸಲ ಅವಸರವಿದೆ ಎಂದೇ ದೇವರಿಗೆ ಹೇಳುತ್ತಿದ್ದೆ.

ಉತ್ತರ ಬಂತು. ಒಂದೇ ಪುಟ. ಕೆಲಸ ಹೋದದ್ದು ಗೊತ್ತಿತ್ತಂತೆ. ಬಿಡುವಾಗಿದ್ದೇನೆಂದು ಗಲ್ಫಿನಿಂದ ಯಾವ ಗಂಡಸೂ ಬರೆದದ್ದನ್ನು ಅವಳು ಕೇಳಿರಲಿಲ್ಲವಂತೆ. ಉಳಿದ ಮುಕ್ಕಾಲು ಪುಟದಲ್ಲಿ ಒಂದೇ ಆಕ್ಷೇಪಣೆ. ವರ್ಷದಲ್ಲಿ ಹನ್ನೆರಡು ತಿಂಗಳಿರುವಾಗ ಜಡಿಮಳೆಯ ಆಟಿ ತಿಂಗಳೇ ಬೇಕಿತ್ತೇ, ನಮ್ಮಲ್ಲಿ ಆಗ ಸೂರ್ಯನನ್ನೇ ನೋಡಲು ಸಿಗುವುದಿಲ್ಲ, ನಲವತ್ತೈದು ದಿನಕ್ಕೆ ನೀವು ಎಷ್ಟು ಷರಟು ತರುತ್ತೀರಿ, ಒಗೆದದ್ದನ್ನು ನಾನು ಎಲ್ಲಿ ಒಣಗಿಸುವುದು?